ಮಂಗಳವಾರ ಶುಕ್ರವಾರದ ಹರಕೆ

"ಬ್ರೇಕ್! ಬ್ರೇಕ್ ಒತ್ರೀ! ಅದು ಆಕ್ಸಿಲರೇಟರ್!"

ಯಶೋಧಾ ಕಿರುಚಿದ ರಭಸಕ್ಕೆ ವಿದ್ಯಾರಣ್ಯಪುರದ ಆ ನಿದ್ದೆಗಣ್ಣಿನ ರಸ್ತೆಯಲ್ಲಿ ಮಲಗಿದ್ದ ನಾಯಿಗಳೂ ಎದ್ದು ನಿಂತವು. ಕಲಿಸುವವರ ಕಾಲಬುಡದಲ್ಲಿ ಇನ್ನೊಂದು ಬ್ರೇಕ್ ಇರುತ್ತದಲ್ಲ, ಅದನ್ನು ಅವಳೇ ಬಲವಾಗಿ ತುಳಿದಳು. ಕೈ ಚಾಚಿ ಸ್ಟೀರಿಂಗನ್ನು ಎಡಕ್ಕೆ ಎಳೆದಳು. ನಿಂತಿದ್ದ ಬಿಎಂಟಿಸಿ ಬಸ್ಸಿನ ಬೆನ್ನಿಗೆ ಗೇಣು ದೂರವಿರುವಾಗ ಕಾರು ನಿಂತಿತು.

ಸ್ಟೀರಿಂಗಿನ ಮೇಲೆ ಅವನ ಕೈ. ಅದರ ಮೇಲೆ ಕಪ್ಪು ಗ್ಲೌಸ್ ತೊಟ್ಟ ಅವಳ ಕೈ. ಇಬ್ಬರಿಗೂ ಏದುಸಿರು...

"ಸಾರಿ ಮೇಡಂ," ಎಂದ ಆ ಹೊಸ ವಿದ್ಯಾರ್ಥಿ, ಬೆವರು ಒರೆಸಿಕೊಳ್ಳುತ್ತಾ. "ನಮ್ಮಮ್ಮನ್ನ ಬಿಟ್ರೆ ಇಷ್ಟು ಜೋರಾಗಿ ನಂಗೆ ಯಾರೂ ಬೈದಿಲ್ಲ."

ನಗಬಾರದು ಅಂದುಕೊಂಡರೂ ಯಶೋಧಾಳಿಗೆ ನಗು ಬಂದುಬಿಟ್ಟಿತು. ಮರುಕ್ಷಣವೇ ಅದು ಆರಿತು. ಎಳೆದಾಟದಲ್ಲಿ ಗ್ಲೌಸ್ ಮಣಿಕಟ್ಟಿನಿಂದ ಜಾರಿತ್ತು. ತಟ್ಟನೆ ಕೈ ಹಿಂದೆಗೆದುಕೊಂಡು ಅದನ್ನು ಮೇಲಕ್ಕೆಳೆದಳು.

'ನೋಡಿಬಿಟ್ನಾ? ಇಲ್ಲ... ನೋಡಿರಲಾರ. ನೋಡಿದ್ರೆ ಹೀಗೆ ನಗ್ತಿರ್ಲಿಲ್ಲ...'

ಪುನೀತ್ ನೋಡಿರಲಿಲ್ಲ. ಪಾಪ, ಅವನು ಇನ್ನೂ ಬಸ್ಸನ್ನೇ ನೋಡುತ್ತಿದ್ದ. ಅಬ್ಬಿಗೆರೆಯಲ್ಲಿ ಅವನ ಅಜ್ಜನ ಕಾಲದ್ದೊಂದು ಮಿಲಿಟರಿ ಹೋಟೆಲ್ ಇತ್ತು. ಮುದ್ದೆ, ನಾಟಿ ಕೋಳಿ ಸಾರು, ಕಾಲು ಸೂಪು. ಒಲೆ ಮುಂದೆ ನಿಂತರೆ ಹುಲಿ, ಕಾರಿನೊಳಗೆ ಕೂತರೆ ಇಲಿ. ಹೋಟೆಲಿಗೆ ವ್ಯಾನ್ ಕೊಳ್ಳುವ ಆಸೆಯಿಂದ ಮೂವತ್ತೊಂದನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯಲು ಬಂದಿದ್ದ.

"ನಾಳೆ ಮಂಗಳವಾರ ಇದೇ ಟೈಮಿಗೆ ಬರ್ಲಾ ಮೇಡಂ?"

"ಮಂಗಳವಾರ, ಶುಕ್ರವಾರ ನನ್ ಕ್ಲಾಸ್ ಇರಲ್ಲ."

"ಯಾಕೆ?"

ಬೇರೆ ಯಾರಾದರೂ ಕೇಳಿದ್ದರೆ 'ನಿಮಗ್ಯಾಕ್ರೀ' ಅನ್ನುತ್ತಿದ್ದಳು. ಅವನ ಮುಖದಲ್ಲಿ ಕುತೂಹಲವಿತ್ತೇ ಹೊರತು ಕೆದಕುವ ಬುದ್ಧಿ ಇರಲಿಲ್ಲ. ಅದಕ್ಕೇ ಅಭ್ಯಾಸವಾಗಿಬಿಟ್ಟಿದ್ದ ಉತ್ತರ ನಾಲಿಗೆಗೆ ಬಂತು.

"ಹರಕೆ ಇದೆ. ಅಮ್ಮನವರಿಗೆ."

ಹರಕೆಯೂ ಇರಲಿಲ್ಲ, ಗಿರಕೆಯೂ ಇರಲಿಲ್ಲ. ಆ ಎರಡು ಮಧ್ಯಾಹ್ನಗಳಲ್ಲಿ ಯಶೋಧಾ ಹೋಗುತ್ತಿದ್ದದ್ದು ಹೆಬ್ಬಾಳದ ಹತ್ತಿರದ ಒಂದು ಚರ್ಮದ ಕ್ಲಿನಿಕ್ಕಿಗೆ.

ಎರಡು ವರ್ಷದ ಹಿಂದೆ ಹೆಬ್ಬೆರಳಿನ ಬುಡದಲ್ಲಿ ಹೆಸರುಕಾಳಿನಷ್ಟು ಬಿಳಿ ಕಂಡಿತ್ತು. ಅದು ಬೆರಳುಗಳಿಗೆ ಹತ್ತಿತು, ಅಂಗೈಯ ಹಿಂಬದಿಗೆ ಹರಡಿತು, ಮೊಣಕೈಗೆ ಹೋಗಿ ಕೂತಿತು. ಡಾಕ್ಟರು ವಿಟಿಲಿಗೋ ಅಂದರು. ಯಾರಿಗೂ ಅಂಟುವುದಿಲ್ಲ, ಜೀವಕ್ಕೇನೂ ತೊಂದರೆಯಿಲ್ಲ, ಲೈಟ್ ಕೊಟ್ಟು ನೋಡೋಣ ಅಂದರು. ಅವಳ ಮನೆಯಿದ್ದ ಜಕ್ಕೂರಿನ ಹಳೇ ಊರಿನ ಕಿರುಗಲ್ಲಿಯಲ್ಲಿ ಅದಕ್ಕೆ ಇದ್ದದ್ದು ಒಂದೇ ಹೆಸರು, ತೊನ್ನು. ಆ ಪದವನ್ನು ಅವಳ ಅಮ್ಮ ವರಲಕ್ಷ್ಮಮ್ಮ ಬಾಯಿಬಿಟ್ಟು ಆಡುತ್ತಲೇ ಇರಲಿಲ್ಲ.

ಹೆಣ್ಣು ನೋಡಲು ಬಂದಿದ್ದ ಒಂದು ಗಂಡಿನ ಸೋದರತ್ತೆ, ಕಾಫಿ ಲೋಟ ಹಿಡಿದ ಯಶೋಧಾಳ ಕೈಯನ್ನು ಎಲ್ಲರೆದುರೂ ಎಳೆದು ನೋಡಿದ್ದಳು. ಅವರು ಕಾಫಿ ಮುಟ್ಟದೆ ಎದ್ದು ಹೋದರು. ಆವತ್ತಿನಿಂದಲೇ ವರಲಕ್ಷ್ಮಮ್ಮನ ಹರಕೆ ಶುರುವಾದದ್ದು! 'ಮಗಳು ವಾರಕ್ಕೆರಡು ದಿನ ಎಲ್ಲಿಗೆ ಹೋಗ್ತಾಳೆ' ಅಂದವರಿಗೆ 'ಹರಕೆ'. 'ಸಂಜೆಯಲ್ಲೂ ಕೈಗವಸು ಯಾಕೆ' ಅಂದವರಿಗೂ 'ಹರಕೆ'. ದೇವರ ಹೆಸರು ಹೇಳಿದ ಮೇಲೆ ಕೆದಕುವವರು ಯಾರು?

ಕ್ಲಿನಿಕ್ಕಿನ ಲೈಟ್ ರೂಮಿನಲ್ಲಿ ತೆರೆದ ಡ್ರಾಯರಿನಂಥ ಒಂದು ಪೆಟ್ಟಿಗೆ. ಒಳಗೆ ನೇರಳೆ ಬಣ್ಣದ ಟ್ಯೂಬುಗಳು. ಕಪ್ಪು ಕನ್ನಡಕ ಹಾಕಿಕೊಂಡು ಮೊಣಕೈವರೆಗೆ ಕೈ ತೂರಿಸಿ ಕೂತರೆ, ಎರಡು ನಿಮಿಷದಲ್ಲಿ ಮುಗಿಯಿತು. ಮೊದಮೊದಲು ಬಿಳಿ ಇನ್ನೂ ಎದ್ದು ಕಾಣತೊಡಗಿದಾಗ ಯಶೋಧಾ ಅಲ್ಲೇ ಅತ್ತುಬಿಟ್ಟಿದ್ದಳು.

"ಸುತ್ತಲಿನ ಚರ್ಮ ಲೈಟಿಗೆ ಕಪ್ಪಾಗಿದೆ ಅಷ್ಟೇ. ಬಿಳಿ ಹೆಚ್ಚಾಗಿಲ್ಲ ಕಣ್ರೀ," ಎಂದು ಅಲ್ಲಿನ ನರ್ಸ್ ಅಫ್ರೀನ್ ಸಮಾಧಾನ ಮಾಡಿದ್ದಳು. "ಬೆರಳು ಮಾತ್ರ ತುಂಬಾ ನಿಧಾನ. ಆಸೆ ಇಟ್ಕೊಳಿ, ಆದ್ರೆ ಅವಸರ ಮಾಡ್ಬೇಡಿ."

ಅವಸರ ಮಾಡಬೇಡಿ! ಹೇಳುವುದು ಸುಲಭ. ಯಶೋಧಾ ದಿನವೂ ಕಿಟಕಿಯ ಬೆಳಕಿನಲ್ಲಿ ಕೈ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಫೋನಿನಲ್ಲಿ ಫೋಟೋ ತೆಗೆದು ಹಿಂದಿನದಕ್ಕೆ ಹೋಲಿಸುತ್ತಿದ್ದಳು. ಮೊಣಕೈಯ ಬಿಳಿಯಲ್ಲಿ ಸಾಸಿವೆಯಂಥ ಕಂದು ಚುಕ್ಕಿಗಳು ಮೂಡಿದ್ದವು, ಅದು ನಿಜ. ಬೆರಳುಗಳಲ್ಲಿ ಏನೂ ಇಲ್ಲ. ಸಿಗ್ನಲ್ಲಿನಲ್ಲಿ ಗಾಡಿ ನಿಂತರೆ ಸಾಕು, ಗ್ಲೌಸಿನೊಳಗೆ ಏನಾಗುತ್ತಿದೆಯೋ ಎಂದು ಮನಸ್ಸು ಕುದಿಯುತ್ತಿತ್ತು.

ಇಂಥ ತಳಮಳದ ನಡುವೆ ಈ ಪುನೀತ್ ಒಬ್ಬ!

ಕ್ಲಚ್ ಬಿಡುವುದನ್ನು ಅವನು ಕಲಿಯುವಷ್ಟರಲ್ಲಿ, ಅವನು ಬರುವ ಹೊತ್ತಿಗೆ ಕನ್ನಡಿ ನೋಡಿಕೊಳ್ಳುವುದನ್ನು ಅವಳು ಕಲಿತಿದ್ದಳು. ರಿವರ್ಸ್ ತೆಗೆಯುವಾಗ ಅವನು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಅದನ್ನು ನೋಡಲೆಂದೇ ಅವಳು ಎರಡೆರಡು ಬಾರಿ ರಿವರ್ಸ್ ತೆಗೆಸುತ್ತಿದ್ದಳು. ಇದನ್ನು ಪ್ರೀತಿ ಅನ್ನದೆ ಇನ್ನೇನು ಅನ್ನಬೇಕು, ನೀವೇ ಹೇಳಿ.

ಒಂದು ದಿನ ಕ್ಲಾಸು ಮುಗಿದ ಮೇಲೆ ಅವನು ಸಪ್ಪೆ ಮುಖ ಮಾಡಿಕೊಂಡು ಕೂತಿದ್ದ.

"ಏನ್ ಸಮಾಚಾರ? ಇವತ್ತು ಒಂದ್ ಸಲವೂ ಬೈಸ್ಕೊಂಡಿಲ್ಲ, ಆದ್ರೂ ಯಾಕ್ ಹೀಗಿದೀರಾ?"

"ಹೋಟ್ಲಲ್ಲಿ ಗಲಾಟೆ ಮೇಡಂ. ಶುಕ್ರವಾರದ ಸಾರಿಗೆ ಉಪ್ಪು ಜಾಸ್ತಿ ಆಯ್ತಂತೆ. ಮಂಗಳವಾರ ಉಪ್ಪೇ ಇರ್ಲಿಲ್ವಂತೆ. ಹಳೇ ಗಿರಾಕಿಗಳು ಎದ್ದೋದ್ರು."

"ರುಚಿ ನೋಡಲ್ವಾ ನೀವು?"

ಅವನು ಸ್ಟೀರಿಂಗನ್ನೇ ನೋಡುತ್ತಾ ತೊದಲಿದ. "ಆ ಎರಡು ದಿನ ನಾನು ಮಾಂಸ ಮುಟ್ತಿಲ್ಲ. ಸಾರೂ ಬಾಯಿಗೆ ಹಾಕ್ಕೊಳ್ತಿಲ್ಲ."

"ಯಾಕೆ?"

"ನಿಮ್ ಹರಕೆ ಫಲಿಸ್ಲಿ ಅಂತ..."

ಯಶೋಧಾ ತಟ್ಟನೆ ಅವನ ಕಡೆ ತಿರುಗಿದಳು.

"ಏನಕ್ಕೆ ಹರಕೆ ಹೊತ್ತಿದೀರಿ ಅಂತ ನಾನ್ ಕೇಳಲ್ಲ ಮೇಡಂ. ಅದು ನಿಮ್ದು. ಆದ್ರೆ ಆ ಎರಡು ದಿನ ನೀವೊಬ್ರೇ ಉಪವಾಸ ಇರ್ತೀರಲ್ಲ ಅಂತ ಅನ್ಸ್ತಾ ಇತ್ತು..."

ಮಿಲಿಟರಿ ಹೋಟೆಲ್ ನಡೆಸುವವನು ಸಾರಿನ ರುಚಿ ನೋಡುವುದನ್ನು ಬಿಟ್ಟಿದ್ದಾನೆ. ಅವಳಿಗಾಗಿ. ಇಲ್ಲದ ಹರಕೆಗಾಗಿ! ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 'ಹೇಳಿಬಿಡು ಯಶೋಧಾ, ಈಗಲೇ ಹೇಳಿಬಿಡು...' ಬಾಯಿ ತೆರೆದಳು. ಆದರೆ ಮುಟ್ಟದೆ ಉಳಿದ ಆ ಕಾಫಿ ಲೋಟಗಳು ಕಣ್ಣಮುಂದೆ ಬಂದವು. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಅತ್ತ ಅಬ್ಬಿಗೆರೆಯಲ್ಲಿ ಪುನೀತನ ತಾಯಿ ಮುನಿಕೃಷ್ಣಮ್ಮ ಉಪ್ಪಿನ ಮೂಲ ಹುಡುಕಿ ಮಗನ ಬಾಯಿ ಬಿಡಿಸಿದ್ದರು. ಯಾರಮ್ಮಾ ಆ ಹರಕೆ ಹುಡುಗಿ ಎಂದು ನೋಡಲು, ಮುಂದಿನ ಗುರುವಾರ ಜಕ್ಕೂರಿಗೇ ಬಂದಿಳಿದರು. ಕೈಯಲ್ಲಿ ಹೂವು, ಬಾಳೆಹಣ್ಣು. ವರಲಕ್ಷ್ಮಮ್ಮನಿಗೆ ಕೈಕಾಲು ಆಡಲಿಲ್ಲ. ಯಶೋಧಾ ತುಂಬುತೋಳಿನ ಚೂಡಿದಾರದ ತುದಿಯನ್ನು ಬೆರಳಿನವರೆಗೂ ಎಳೆದುಕೊಂಡು ಬಾಗಿಲ ಮರೆಯಲ್ಲಿ ನಿಂತಳು.

"ಎಷ್ಟ್ ವಾರದ್ದಮ್ಮಾ ಅರಕೆ?" ಎಂದು ಕೇಳಿದರು ಮುನಿಕೃಷ್ಣಮ್ಮ.

"ಮುಗೀತು... ಬರೋ ವಾರದ ಶುಕ್ರವಾರಕ್ಕೆ ಮುಗಿಯುತ್ತೆ." ಮಾತು ಅಲ್ಲಿಗೆ ನಿಲ್ಲಲಿ ಎಂದೇ ವರಲಕ್ಷ್ಮಮ್ಮ ಹಾಗೆ ಹೇಳಿದ್ದು.

"ಅಂಗಾದ್ರೆ ಒಳ್ಳೇದಾಯ್ತು! ಅರಕೆ ತೀರ್ಸೋ ದಿನ ಮುತ್ತೈದೇರು ಸೇರಿ ಹುಡ್ಗಿ ಕೈಕಾಲಿಗೆ ಅರಿಶ್ಣ ಅಚ್ಬೇಕಲ್ವಾ? ನಾನೇ ಬಂದು ಅಚ್ತೀನಿ. ಸಿಹಿ ಊಟ ನಮ್ಮ ಕಡೇದು. ಇಲ್ಲ ಅನ್ಬೇಡಿ."

ಕೈಗೆ ಅರಿಶಿನ! ಬೀದಿಯ ಹೆಂಗಸರೆಲ್ಲರ ಮುಂದೆ! ಅವರು ಹೋದ ಮೇಲೆ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು.

"ಮೈ ಸರಿಯಿಲ್ಲ ಅಂದ್ಬಿಡೋಣ ಕಣೇ," ಎಂದರು ವರಲಕ್ಷ್ಮಮ್ಮ.

"ಅದಕ್ಕಿನ್ನೊಂದು ಸುಳ್ಳಾ? ಸಾಕಮ್ಮಾ... ಶನಿವಾರ ಕ್ಲಾಸಿಗೆ ಬರ್ತಾರಲ್ಲ, ಪುನೀತ್‌ಗೆ ನಾನೇ ಎಲ್ಲಾ ಹೇಳ್ತೀನಿ."

ಆದರೆ ಶನಿವಾರಕ್ಕೆ ಮುಂಚೆ ಶುಕ್ರವಾರ ಬರುತ್ತದಲ್ಲ!

ಅವತ್ತು ಲೈಟ್ ಮುಗಿಸಿ, ತೋಳು ಮಡಿಸಿಕೊಂಡೇ ಯಶೋಧಾ ಹೊರಬಂದಳು. ಕೈ ನಸುಗೆಂಪಾಗಿತ್ತು. ಕೌಂಟರಿನ ಮುಂದೆ, ಎರಡೂ ಕೈಯಲ್ಲಿ ಊಟದ ಪಾರ್ಸೆಲ್ ಹಿಡಿದು, ಪುನೀತ್ ನಿಂತಿದ್ದ.

ಕ್ಲಿನಿಕ್ಕಿನವರು ಯಾರೋ ಅವನ ಹೋಟೆಲಿನಿಂದ ಊಟ ತರಿಸಿದ್ದರು. ಪಾರ್ಸೆಲ್ ಕೊಡುವ ಹುಡುಗ ರಜೆಯೆಂದು ತಾನೇ ಆಟೋದಲ್ಲಿ ತಂದಿದ್ದ.

ಅವನ ದೃಷ್ಟಿ ಅವಳ ಕೈ ಮೇಲೆ ಬಿತ್ತು. ಆಮೇಲೆ 'ಲೈಟ್ ಚಿಕಿತ್ಸೆ, ಮಂಗಳವಾರ ಮತ್ತು ಶುಕ್ರವಾರ' ಎಂದು ಬರೆದಿದ್ದ ಬಾಗಿಲ ಮೇಲೆ. ಆಮೇಲೆ ಅವಳ ಮುಖದ ಮೇಲೆ.

"ಇದಾ... ಹರಕೆ?"

"ಪುನೀತ್, ನಾನ್ ಹೇಳ್ಬೇಕು ಅಂತಿದ್ದೆ..."

ಅವನು ಪಾರ್ಸೆಲನ್ನು ಕುಕ್ಕಿದಂತೆ ಕೌಂಟರಿನ ಮೇಲಿಟ್ಟು, ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡ. ಮುಖ ಕಿವುಚಿದ. ತಿರುಗಿ ನಡೆದೇಬಿಟ್ಟ!

ಯಶೋಧಾ ನಿಂತಲ್ಲೇ ನಿಂತಳು. ಕೈ ಎಳೆದುಕೊಂಡದ್ದು, ಮುಖ ಕಿವುಚಿದ್ದು... ಇನ್ನೇನು ಬೇಕು ಸಾಕ್ಷಿ? 'ಇವನೂ ಅವರಂತೆಯೇ...' ಕಣ್ಣು ತುಂಬಿ ಬಂದು ಎದುರಿನ ಕುರ್ಚಿಗಳೆಲ್ಲ ಕಲಸಿಹೋದವು.

ಶನಿವಾರ ಅವನು ಕ್ಲಾಸಿಗೆ ಬರಲಿಲ್ಲ. ಸೋಮವಾರವೂ ಇಲ್ಲ. ಫೋನ್ ಕೈಗೆತ್ತಿಕೊಂಡು ಇಟ್ಟಳು, ಮತ್ತೆ ಎತ್ತಿಕೊಂಡಳು, ಮತ್ತೆ ಇಟ್ಟಳು. ಕಲಿಯುವವರಿಗೆಲ್ಲ ಸುಮ್ಮಸುಮ್ಮನೆ ರೇಗಿದಳು. ಹಿಂದೆ ಗಂಡು ಒಪ್ಪಲಿಲ್ಲವೆಂದಾಗ ಅವಮಾನವಾಗಿತ್ತು. ಈ ಸಲ ಹಾಗಲ್ಲ, ನೋವೇ ಆಗುತ್ತಿತ್ತು. ಊಟ ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ.

ಹರಕೆ ತೀರಿಸುವ ಶಾಸ್ತ್ರವನ್ನಾದರೂ ನಿಲ್ಲಿಸೋಣ ಎಂದು ಗುರುವಾರ ಫೋನ್ ಮಾಡಿದರೆ, ಮುನಿಕೃಷ್ಣಮ್ಮನಿಂದ ಬಂದದ್ದು ಒಂದೇ ಮಾತು. "ಒಬ್ಬಟ್ಟಿಗೆ ಬೇಳೆ ನೆನೆ ಹಾಕ್ಬಿಟ್ಟಿದೀನಿ, ಬರ್ತಾ ಇದೀನಿ!" ಮಗ ತಾಯಿಗೆ ಏನೂ ಹೇಳಿಲ್ಲವೆಂದು ಅದರಿಂದಲೇ ತಿಳಿಯಿತು.

ಶುಕ್ರವಾರ ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿತ್ತು. ಬೀದಿಯ ಐದಾರು ಹೆಂಗಸರು ಸೇರಿದ್ದರು. ಬಟ್ಟಲಲ್ಲಿ ಕಲಸಿದ ಅರಿಶಿನ. ಮುನಿಕೃಷ್ಣಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಕೂತರು.

"ಕೈ ಕೊಡಮ್ಮಾ. ಅದ್ಯಾಕೆ ಇನ್ನೂ ಗ್ಲೌಸು? ತೆಗಿ."

ಅಡುಗೆಮನೆ ಬಾಗಿಲಲ್ಲಿ ವರಲಕ್ಷ್ಮಮ್ಮ ನಿಂತಿದ್ದರು. ಯಶೋಧಾ ಒಮ್ಮೆ ಅಮ್ಮನನ್ನು ನೋಡಿದಳು. ಆಮೇಲೆ ಎರಡೂ ಗ್ಲೌಸ್ ಬಿಚ್ಚಿ ಪಕ್ಕಕ್ಕಿಟ್ಟು, ತೋಳು ಮಡಿಸಿ, ಎಲ್ಲರಿಗೂ ಕಾಣುವ ಹಾಗೆ ಕೈ ಚಾಚಿದಳು.

ಒಬ್ಬಾಕೆ ಕೂತಲ್ಲಿಂದಲೇ ಹಿಂದಕ್ಕೆ ಸರಿದಳು.

"ನಂಗೆ ಹರಕೆ ಗಿರಕೆ ಏನೂ ಇಲ್ಲಮ್ಮಾ," ಎಂದಳು ಯಶೋಧಾ. "ತೊನ್ನಿದೆ. ಮಂಗಳವಾರ ಶುಕ್ರವಾರ ಲೈಟ್ ಹಿಡಿಸ್ಕೊಳ್ಳೋಕೆ ಹೋಗ್ತೀನಿ. ನಿಮ್ಮೆಲ್ಲರಿಗೂ ಸುಳ್ಳು ಹೇಳಿದ್ವಿ. ತಪ್ಪಾಯ್ತು."

ಮುನಿಕೃಷ್ಣಮ್ಮನ ಮುಖ ಕೆಂಪೇರಿತು. "ಅಲ್ಲಾ ಕಣೇ! ನನ್ ಮಗ ಉಪ್ಪು ನೋಡ್ದೆ ಸಾರು ಕೆಡ್ಸಿದ್ದು ಇಲ್ದಿರೋ ಅರಕೆಗಾ? ಅವ್ರಜ್ಜನ ಕಾಲ್ದಿಂದ ಬತ್ತಿದ್ದ ಗಿರಾಕಿ ಎದ್ದೋದ್ರಲ್ಲೇ! ಲೈಟ್ ಇಡ್ಸ್ಕೊಳ್ತೀನಿ ಅಂತ ಏಳಿದ್ರೆ ಏನಾಗ್ತಿತ್ತು?"

"ಏನಾಗ್ತಿತ್ತು ಅಂತ ನಿಮಗೂ ಗೊತ್ತಲ್ವಾ ಅಮ್ಮಾ?"

ಮುನಿಕೃಷ್ಣಮ್ಮ ಹಿಂದಕ್ಕೆ ಸರಿದಿದ್ದ ಆ ಹೆಂಗಸಿನ ಕಡೆ ನೋಡಿದರು. ಆಮೇಲೆ ತಮ್ಮ ಮುಂದಿದ್ದ ಎರಡು ಕೈಗಳನ್ನು ನೋಡಿದರು. ಬಟ್ಟಲಿಗೆ ಬೆರಳದ್ದಿ ಮುಂದೆ ಬಾಗಿದರು.

ಯಶೋಧಾಳೇ ಕೈ ಹಿಂದೆಗೆದುಕೊಂಡಳು. "ಬೇಡಮ್ಮಾ. ಮಧ್ಯಾಹ್ನ ಲೈಟ್ ಇದೆ. ಅದಕ್ಕೆ ಮುಂಚೆ ಕೈಗೆ ಏನೂ ಹಚ್ಚೋ ಹಾಗಿಲ್ಲ. ಹಚ್ಚಿದ್ರೆ ಬೆಳಕು ತಾಗಲ್ಲ."

ಅರಿಶಿನ ಬೇಡ ಅನ್ನುವ ಹುಡುಗಿಯನ್ನು ಜಕ್ಕೂರಿನ ಆ ಬೀದಿ ಇದೇ ಮೊದಲು ಕಂಡದ್ದು. ಮುನಿಕೃಷ್ಣಮ್ಮ ಅರಿಶಿನದ ಬೆರಳನ್ನು ಹಾಗೇ ಎತ್ತಿ ಹಿಡಿದು ಯೋಚಿಸಿದರು.

"ಕಾಲಿಗೆ ಅಚ್ಬೋದಾ?"

"...ಕಾಲಿಗೆ ಹಚ್ಬಹುದು."

"ಮತ್ತೆ ನೀಡು ಈ ಕಡೆ! ಕಲ್ಸಿರೋದು ದಂಡ ಆಗ್ಬೇಕಾ?" ಎಂದು ಗದರಿ, ಅವಳ ಪಾದವನ್ನು ತಮ್ಮ ತೊಡೆಯ ಮೇಲೆಳೆದುಕೊಂಡು, ಕೋಪದಲ್ಲೇ, ಗಸಗಸನೆ ಹಚ್ಚತೊಡಗಿದರು. ಯಶೋಧಾಳಿಗೆ ಅಳು ತಡೆಯಲಾಗಲಿಲ್ಲ. ಬಾಗಿಲಲ್ಲಿ ವರಲಕ್ಷ್ಮಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು.

ತಲೆಯೆತ್ತಿದಾಗ ಹೊಸಿಲಿನಾಚೆ ಪುನೀತ್ ಕಾಣಿಸಿದ. ಒಬ್ಬಟ್ಟಿನ ಡಬರಿ ಹೊತ್ತು ತಂದವನು, ಯಾವಾಗಿನಿಂದ ಅಲ್ಲಿ ನಿಂತಿದ್ದನೋ!

ಊಟ ಮುಗಿಯಿತು. ಕ್ಲಿನಿಕ್ಕಿಗೆ ಹೊತ್ತಾಯಿತೆಂದು ಅವಳು ಹೊರಗೆ ಬಂದು, ಬಿಸಿಲಿಗೆ ಬೇಕಲ್ಲ ಎಂದು ಗ್ಲೌಸ್ ಹಾಕಿಕೊಂಡು, ಸ್ಕೂಟರ್ ತೆಗೆದಳು. ಅವನು ಗೇಟಿನ ಹತ್ತಿರವೇ ಕಾಯುತ್ತಿದ್ದ.

"ನಾನೂ ಬರ್ಲಾ?"

"ಯಾಕೆ? ನನ್ ಕೈ ನೋಡಿ ಓಡಿಹೋದವ್ರು ನೀವು!"

"ಕೈ ನೋಡಿ ಅಲ್ಲ ಕಣ್ರೀ!"

"ಮತ್ತೆ? ಪಾರ್ಸೆಲ್ ಕುಕ್ಕಿದ್ದು, ಕೈ ಎಳ್ಕೊಂಡಿದ್ದು, ಮುಖ ಕಿವುಚಿದ್ದು... ನಾನ್ ಕಣ್ಣಾರೆ ನೋಡಿದೀನಿ ಪುನೀತ್!"

"ಸಾರು ಸೋರ್ತಿತ್ತು! ಕುದಿಯೋ ಸಾರು!" ಎಂದು ಅವನು ಬಲಗೈ ಮುಂದೆ ಚಾಚಿದ. ಬೆರಳುಗಳ ಬುಡದಲ್ಲಿ ಸುಟ್ಟ ಬೊಬ್ಬೆ ಒಡೆದು ಸಿಪ್ಪೆ ಸುಲಿದಿತ್ತು. "ಉರಿ ತಡ್ಕೊಳ್ಳೋಕಾಗ್ಲಿಲ್ಲ. ಅದಕ್ಕಿಂತ ಜಾಸ್ತಿ ಇಲ್ಲಿ ಉರೀತಿತ್ತು," ಎಂದು ಎದೆ ತೋರಿಸಿದ.

ಯಶೋಧಾ ಸ್ಟ್ಯಾಂಡ್ ಹಾಕಿ ಕೆಳಗಿಳಿದಳು.

"ಪ್ರತಿ ವಾರ ಅಮ್ಮನವರ ಮುಂದೆ ಕೈ ಮುಗ್ದು ನಿಂತ್ಕೊತಿದ್ದೆ," ಎಂದ ಅವನು. "ಏನ್ ಬೇಡ್ಕೋಬೇಕು ಅಂತ್ಲೂ ಗೊತ್ತಿರ್ಲಿಲ್ಲ. ಅವಳು ಕೇಳಿದ್ದು ಕೊಟ್ಬಿಡು ತಾಯಿ ಅಂತಿದ್ದೆ. ಅದೆಲ್ಲಾ ಸುಳ್ಳು ಅಂತ ಗೊತ್ತಾದಾಗ... ನಾನೊಬ್ಬ ದಡ್ಡ, ನಿಮ್ಗೆ ನಾನ್ ಏನೂ ಅಲ್ಲ ಅನ್ನಿಸ್ಬಿಡ್ತು. ಇವತ್ತು ಒಳಗಡೆ ನೀವು ಹೇಳಿದ್ದು ಕೇಳಿದ ಮೇಲೆ ತಿಳೀತು, ಆ ಮಾತು ಎಷ್ಟು ಕಷ್ಟ ಅಂತ. ನಾನು ನಿಂತು ಕೇಳ್ಬೇಕಿತ್ತು. ಓಡಿಹೋದೆ. ಕ್ಷಮಿಸ್ಬಿಡಿ ಯಶೋಧಾ."

ಮೊದಲ ಬಾರಿಗೆ ಹೆಸರು ಹಿಡಿದು ಕರೆದಿದ್ದ.

"ಹತ್ತಿ. ಲೇಟಾಗುತ್ತೆ," ಎಂದಳು ಅವಳು, ಮುಖ ಆಚೆ ತಿರುಗಿಸಿಕೊಂಡು.

ಹೆಬ್ಬಾಳದ ಫ್ಲೈಓವರಿನ ಕೆಳಗೆ ಎಂದಿನಂತೆ ಗಾಡಿಗಳು ಗಂಟುಬಿದ್ದಿದ್ದವು. ಲೈಟ್ ರೂಮು ಮುಚ್ಚಿಬಿಟ್ಟರೆ ಎಂಬ ಗಡಿಬಿಡಿಯಲ್ಲೇ, ನಿಂತ ಸ್ಕೂಟರಿನ ಮೇಲೆ, ಹಿಂದೆ ತಿರುಗದೆ ಅವಳು ಹೇಳತೊಡಗಿದಳು.

"ಬೆರಳಿಗೆ ಬಣ್ಣ ಬರದೇನೇ ಹೋಗ್ಬಹುದು. ಡಾಕ್ಟರೇ ಹೇಳಿದಾರೆ."

"ಸರಿ."

"ಬೇರೆ ಕಡೆಗೂ ಹರಡಬಹುದು. ಮುಖಕ್ಕೂ."

"ಸರಿ."

"ಏನ್ರೀ ಎಲ್ಲದಕ್ಕೂ ಸರಿ ಸರಿ ಅಂತೀರಾ? ಯೋಚ್ನೆ ಮಾಡಿ ಹೇಳಿ!"

"ವಾರವೆಲ್ಲಾ ಅದನ್ನೇ ಮಾಡಿದೀನಿ. ಅಂಟುತ್ತಾ ಅಂತ ಯೋಚ್ನೆ ಮಾಡ್ಲಿಲ್ಲ. ನೀವಿಲ್ದೆ ಹೇಗಿರೋದು ಅಂತ ಮಾಡಿದೆ. ಆಗ್ಲಿಲ್ಲ."

ಮುಂದಿನ ಬಸ್ಸು ಹೊರಟಿತು. ಯಶೋಧಾ ಹೊರಡಲಿಲ್ಲ. ಹಿಂದಿನವರು ಹಾರ್ನ್ ಬಾರಿಸಿ ಬೈದ ಮೇಲೆಯೇ ಅವಳಿಗೆ ಎಚ್ಚರ.

ಕ್ಲಿನಿಕ್ಕಿನಲ್ಲಿ ಎಲ್ಲ ಕುರ್ಚಿಗಳೂ ತುಂಬಿದ್ದವು. ಅವಳು ಕೈ ತೊಳೆದುಕೊಂಡು ಬಂದಳು. ಪುನೀತ್ ಗೋಡೆಗೆ ಒರಗಿ ನಿಂತಿದ್ದ.

"ಯಶೋಧಾ, ಬನ್ನಿ," ಎಂದು ಅಫ್ರೀನ್ ಕರೆದಳು.

"ಒಂದ್ನಿಮಿಷ," ಎಂದು ಪುನೀತ್ ಮೆಲ್ಲಗೆ ಅಂದ. "ಇನ್ಮೇಲೆ ನಂಗೆ ಸುಳ್ಳು ಹೇಳಲ್ಲ ತಾನೇ?"

"ಹೇಳಲ್ಲ."

"ಹಾಗಾದ್ರೆ ಒಂದು ನಿಜ ಹೇಳಿ ಒಳಗೆ ಹೋಗಿ. ನಾನಂದ್ರೆ... ಇಷ್ಟಾನಾ?"

ಯಶೋಧಾ ಸುತ್ತ ನೋಡಿದಳು. ಕುರ್ಚಿಯಲ್ಲಿದ್ದವರು ಫೋನ್ ಬಿಟ್ಟು ಇವರನ್ನೇ ನೋಡುತ್ತಿದ್ದರು. ಅಫ್ರೀನ್ ಬಾಗಿಲು ಹಿಡಿದು ನಿಂತೇ ಇದ್ದಳು. ಎರಡು ವರ್ಷ ಎಲ್ಲರ ಕಣ್ಣು ತಪ್ಪಿಸಿದ್ದ ಹುಡುಗಿ, ಈಗ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಇಷ್ಟ."

"ಎಷ್ಟು?"

"ಇಲ್ಲೇ ಇರಿ," ಎಂದು ಅವಳು ಬಾಗಿಲ ಕಡೆ ಹೆಜ್ಜೆಯಿಟ್ಟಳು. "ಬಂದು ಹೇಳ್ತೀನಿ."